ಸಣ್ಣ ಹಿಡುವಳಿಗೆ ಮಿನಿ ಟ್ರ್ಯಾಕ್ಟರ್: ಬೆಲೆಗಿಂತ ಮೊದಲು ಗಂಟೆಗಳ ಲೆಕ್ಕ

ಪೇಟೆಯಲ್ಲಿ ಅಂಗಡಿ ಅಥವಾ ಕೈಗಾರಿಕಾ ವಸಾಹತಿನಲ್ಲಿ ಘಟಕ ನಡೆಸುತ್ತ, ಊರ ಕಡೆ ನಾಲ್ಕೈದು ಎಕರೆ ಜಮೀನು ಹೊಂದಿರುವ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಕರ್ನಾಟಕದಲ್ಲಿ ಅಪರೂಪವಲ್ಲ. ಹಲವರಿಗೆ ಅದು ಪಿತ್ರಾರ್ಜಿತ ಆಸ್ತಿ. ಇನ್ನು ಕೆಲವರು, ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಕೃಷಿಕರಲ್ಲದವರ ಖರೀದಿಗಿದ್ದ ನಿರ್ಬಂಧಗಳು ತೆರವಾದ ಬಳಿಕ ಜಮೀನು ಕೊಂಡವರು. ಇಂಥವರೆಲ್ಲ ಎದುರಿಸುವ ಮೊದಲ ತೊಂದರೆ ಆಳಿನ ಅಭಾವ; ಎರಡನೆಯದು, ಮಳೆ ಬಿದ್ದು ಹದವಾದಾಗ ಬಾಡಿಗೆ ಟ್ರ್ಯಾಕ್ಟರ್ ಸಿಗದಿರುವುದು. ಆಗ ‘ನಮ್ಮದೇ ಒಂದು ಸಣ್ಣ ಟ್ರ್ಯಾಕ್ಟರ್ ಇದ್ದರೆ’ ಎಂಬ ಯೋಚನೆ ಮೂಡುವುದು ಸಹಜ.

2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು ಮೂರೂಕಾಲು ಎಕರೆ. ಇಷ್ಟು ಭೂಮಿಗೆ 45–50 ಅಶ್ವಶಕ್ತಿಯ ದೊಡ್ಡ ಟ್ರ್ಯಾಕ್ಟರ್ ಹೊರೆಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮಿನಿ ಟ್ರ್ಯಾಕ್ಟರ್ ಕೂಡ ಹೊರೆಯಾಗಬಹುದೆಂಬುದನ್ನು ಬಹಳಷ್ಟು ಖರೀದಿದಾರರು ಗಮನಿಸುವುದಿಲ್ಲ. ಮಳಿಗೆಯಲ್ಲಿ ಹೇಳುವ ಬೆಲೆಯಾಗಲಿ ಅಶ್ವಶಕ್ತಿಯ ಅಂಕಿಯಾಗಲಿ ಯಂತ್ರವು ಕೈಗೆಟಕುವಂಥದೇ ಎಂಬುದನ್ನು ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ವರ್ಷಕ್ಕೆ ಆ ಯಂತ್ರ ದುಡಿಯುವ ಗಂಟೆಗಳು. ಆದ್ದರಿಂದ ಮೊದಲು ಕೆಲಸದ ಪಟ್ಟಿ, ಬಳಿಕ ಆ ಕೆಲಸಕ್ಕೆ ಬೇಕಾದ ಉಪಕರಣ, ಕೊನೆಗೆ ಅದನ್ನು ನಡೆಸಬಲ್ಲ ಟ್ರ್ಯಾಕ್ಟರ್ ಎಂಬ ಕ್ರಮದಲ್ಲಿ ವಿಚಾರ ಮಾಡುವುದು ಲಾಭಕರ.

ಕೆಲಸ ಎಷ್ಟು ಗಂಟೆ?

ಮೂರು ಎಕರೆ ಅಡಿಕೆ ಹಾಗೂ ಎರಡು ಎಕರೆ ಹಿಪ್ಪುನೇರಳೆ ಇರುವ ಐದು ಎಕರೆಯ ಜಮೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಮೀಟರ್ ಅಗಲದ ರೋಟವೇಟರ್ ಗಂಟೆಗೆ 3 ಕಿ.ಮೀ. ವೇಗದಲ್ಲಿ ಸಾಗಿದರೆ, ತಿರುವು ಮತ್ತು ನಿಲುಗಡೆಗೆ ಶೇ. 30ರಷ್ಟು ಕಾಲ ಕಳೆದು, ಗಂಟೆಗೆ ಸುಮಾರು 21 ಗುಂಟೆ ಉಳುಮೆಯಾಗುತ್ತದೆ. ಅಂದರೆ ಎಕರೆಗೆ ಹತ್ತಿರಹತ್ತಿರ ಎರಡು ಗಂಟೆ. ಹಿಪ್ಪುನೇರಳೆಗೆ ವರ್ಷಕ್ಕೆ ಐದು ಬಾರಿ ಎಂದರೆ 20 ಗಂಟೆ. ಅಡಿಕೆಯ ಬೇರು ಮೇಲುಮಣ್ಣಿನಲ್ಲಿಯೇ ಹರಡುವುದರಿಂದ ಪದೇಪದೇ ಉಳುವುದು ತರವಲ್ಲ. ಎರಡು ಬಾರಿ ಹಗುರ ಉಳುಮೆಗೆ 12 ಗಂಟೆ. ಸಿಂಪಡಣೆಯ ಪಂಪ್ ನಡೆಸಲು 18 ಗಂಟೆ, ಗೊಬ್ಬರ, ಸೊಪ್ಪು ಮತ್ತು ಫಸಲಿನ ಸಾಗಣೆಗೆ 50 ಗಂಟೆ ಎಂದುಕೊಂಡರೂ ಒಟ್ಟು 100 ಗಂಟೆ ಮಾತ್ರ.

ಇನ್ನು ವೆಚ್ಚ. ಟ್ರ್ಯಾಕ್ಟರ್‌ಗೆ 4.2 ಲಕ್ಷ ರೂಪಾಯಿ, ರೋಟವೇಟರ್, ಕಲ್ಟಿವೇಟರ್ ಮತ್ತು ಟ್ರೈಲರ್‌ಗೆ 1.8 ಲಕ್ಷ, ಒಟ್ಟು 6 ಲಕ್ಷ ರೂಪಾಯಿ ತೊಡಗಿಸಿದರೆಂದು ಭಾವಿಸೋಣ. ಹತ್ತು ವರ್ಷದ ಬಳಿಕ ಇವುಗಳಿಗೆ 1 ಲಕ್ಷ ಬರುವುದಾದರೆ ವಾರ್ಷಿಕ ಸವಕಳಿ 50,000 ರೂ. ಸರಾಸರಿ ಬಂಡವಾಳವಾದ 3.5 ಲಕ್ಷಕ್ಕೆ ಶೇ. 10ರಂತೆ ಬಡ್ಡಿ 35,000 ರೂ. ವಿಮೆ ಮತ್ತು ಇತರ ಸ್ಥಿರ ಖರ್ಚು 10,000 ರೂ. ಯಂತ್ರ ಒಂದು ಗಂಟೆ ದುಡಿಯಲಿ, ಸಾವಿರ ಗಂಟೆ ದುಡಿಯಲಿ, ಈ 95,000 ರೂ. ತಪ್ಪುವುದಿಲ್ಲ. ನಗದು ಕೊಟ್ಟು ಕೊಂಡವರೂ ಬಡ್ಡಿಯನ್ನು ಬಿಡಬಾರದು. ಅದೇ ಹಣ ಅಂಗಡಿಯ ಸರಕಿನಲ್ಲಿದ್ದರೆ ದುಡಿಯುತ್ತಿತ್ತು.

ಗಂಟೆಗೆ ಎರಡೂವರೆ ಲೀಟರ್ ಡೀಸೆಲ್‌ಗೆ ಲೀಟರಿಗೆ 90 ರೂ.ನಂತೆ 225 ರೂ., ಚಾಲಕನ ಕೂಲಿ 100 ರೂ., ಆಯಿಲ್ ಮತ್ತು ದುರಸ್ತಿಗೆ 60 ರೂ. ಸೇರಿ ಚಾಲನಾ ವೆಚ್ಚ 385 ರೂ. ಆಗುತ್ತದೆ. ಈಗ ಎರಡನ್ನೂ ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ:

ವರ್ಷಕ್ಕೆ 100 ಗಂಟೆ ದುಡಿದರೆ ಗಂಟೆಗೆ ತಗಲುವ ವೆಚ್ಚ 1,335 ರೂ.
ವರ್ಷಕ್ಕೆ 230 ಗಂಟೆ ದುಡಿದರೆ ಸುಮಾರು 798 ರೂ.
ವರ್ಷಕ್ಕೆ 400 ಗಂಟೆ ದುಡಿದರೆ ಸುಮಾರು 623 ರೂ.

ಊರಿನ ಬಾಡಿಗೆ ದರ ಗಂಟೆಗೆ 800 ರೂ. ಇದ್ದಲ್ಲಿ, 230 ಗಂಟೆಯೇ ಲಾಭ-ನಷ್ಟಗಳ ಗಡಿ. ನೂರು ಗಂಟೆಯ ಕೆಲಸಕ್ಕೆ ಸ್ವಂತ ಯಂತ್ರ ಇಟ್ಟವರು ಬಾಡಿಗೆಗಿಂತ ವರ್ಷಕ್ಕೆ 53,500 ರೂ. ಹೆಚ್ಚು ತೆರುತ್ತಾರೆ. ಇದು ಹದ ತಪ್ಪದಂತೆ ಸಕಾಲದಲ್ಲಿ ಕೆಲಸ ಮುಗಿಸಿಕೊಳ್ಳಲು ಕೊಡುವ ಬೆಲೆ. ಹದ ತಪ್ಪಿ ಬೆಳೆಯಲ್ಲಿ ಅದಕ್ಕಿಂತ ಹೆಚ್ಚು ನಷ್ಟವಾಗುತ್ತಿದ್ದರೆ ಖರೀದಿ ಸರಿ, ಇಲ್ಲವಾದರೆ ಅಲ್ಲ. ಇಲ್ಲಿನ ಅಂಕಿಗಳು ಕೇವಲ ಮಾದರಿ. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಗಂಟೆಗಳ ಕೊರತೆ ತುಂಬಲು ಎರಡು ದಾರಿಗಳಿವೆ. ಅಕ್ಕಪಕ್ಕದ ಹಿಡುವಳಿದಾರರು ಇಬ್ಬರು ಮೂವರು ಸೇರಿ ಕೊಳ್ಳುವುದು ಒಂದು. ನೆರೆಯ ತೋಟಗಳಿಗೆ ಬಾಡಿಗೆಗೆ ಕಳುಹಿಸುವುದು ಇನ್ನೊಂದು. ಎರಡೂ ಸಾಧ್ಯವಿಲ್ಲದಿದ್ದರೆ ಪವರ್ ಟಿಲ್ಲರ್ ಅಥವಾ ರಾಜ್ಯ ಸರ್ಕಾರ 2014–15ರಲ್ಲಿ ಆರಂಭಿಸಿದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳ ಸೇವೆಯನ್ನು ಪರಿಶೀಲಿಸುವುದು ಯುಕ್ತ.

ಸಾಲಿನ ಅಗಲ, ಯಂತ್ರದ ಅಗಲ

ಖರೀದಿ ಮಾಡುವುದೇ ಸರಿಯೆಂದು ಲೆಕ್ಕ ಹೇಳಿದರೆ, ಮಳಿಗೆಗೆ ಹೋಗುವ ಮುನ್ನ ಅಳತೆಯ ಟೇಪ್ ಹಿಡಿದು ತೋಟಕ್ಕೆ ಹೋಗಬೇಕು. ಅಡಿಕೆಗೆ ಶಿಫಾರಸು ಮಾಡಿದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಹಿಪ್ಪುನೇರಳೆಯ ಜೋಡಿ ಸಾಲು ಪದ್ಧತಿಯಲ್ಲಿ ಜೋಡಿಗಳ ನಡುವೆ 150 ಸೆಂ.ಮೀ., ಅಂದರೆ ಐದು ಅಡಿ ಜಾಗವಿರುತ್ತದೆ. ಈ ಐದು ಅಡಿಯಲ್ಲಿ ಗಿಡದ ಕೊಂಬೆ ಮುರಿಯದಂತೆ ಸಾಗಲು ಮೂರರಿಂದ ಮೂರೂವರೆ ಅಡಿಯ ಯಂತ್ರವೇ ಬೇಕು. ನಾಲ್ಕು ಅಡಿ ಅಗಲದ ಯಂತ್ರ ಅಡಿಕೆ ತೋಟದಲ್ಲಿ ನಿರಾತಂಕವಾಗಿ ಓಡಾಡಿದರೂ ಹಿಪ್ಪುನೇರಳೆಯಲ್ಲಿ ತೊಡಕಾಗುತ್ತದೆ. ಸಾಲಿನ ಕೊನೆಯಲ್ಲಿ ತಿರುಗಿಸಲು ಬೇಕಾದ ಜಾಗ ಮತ್ತು ಹನಿ ನೀರಾವರಿ ಕೊಳವೆಗಳು ಹಾದುಹೋಗುವ ಸ್ಥಳಗಳನ್ನೂ ಗುರುತಿಸಿಕೊಳ್ಳಬೇಕು.

ಶಕ್ತಿಯ ಅಂಕಿಗಳನ್ನು ಓದುವ ಬಗೆ

ಜಾಹೀರಾತಿನಲ್ಲಿ ಕಾಣುವ ಅಶ್ವಶಕ್ತಿ ಎಂಜಿನ್ನಿನದು. ರೋಟವೇಟರ್ ಅಥವಾ ಸ್ಪ್ರೇಯರ್ ನಡೆಸುವುದು ಹಿಂಬದಿಯ ಪಿಟಿಒ ದಂಡದಿಂದ ಸಿಗುವ ಶಕ್ತಿ. ಗೇರುಗಳಲ್ಲಿ ಒಂದಿಷ್ಟು ವ್ಯಯವಾಗುವುದರಿಂದ ಇದು ಎಂಜಿನ್ ಶಕ್ತಿಗಿಂತ ಕಡಿಮೆಯಿರುತ್ತದೆ. ಉಪಕರಣದ ತಯಾರಕರು ಕೇಳುವ ಅಶ್ವಶಕ್ತಿಯನ್ನು ಪಿಟಿಒ ಶಕ್ತಿಯೊಡನೆ ಹೋಲಿಸಬೇಕು.

ಈ ವರ್ಗದಲ್ಲಿ ಪರಿಚಿತವಾದ ಕೆಲವು ಮಾದರಿಗಳನ್ನು ನೋಡಿದರೆ ಆಯ್ಕೆಯ ವ್ಯಾಪ್ತಿ ತಿಳಿಯುತ್ತದೆ. ಮಹೀಂದ್ರ ಯುವರಾಜ್ 215 ಮತ್ತು ಸ್ವರಾಜ್ 717 ಮಾದರಿಗಳು 15 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಯಂತ್ರಗಳು. ಬೆಂಗಳೂರಿನ ವಿಎಸ್‌ಟಿ ಕಂಪನಿಯ ಎಂಟಿ 180ಡಿ ಮೂರು ಸಿಲಿಂಡರ್ ಹೊಂದಿದೆ. ಮಹೀಂದ್ರ ಜಿವೊ 245 ಹಾಗೂ ಕುಬೋಟ ನಿಯೋಸ್ಟಾರ್ ಬಿ2441 ಮಾದರಿಗಳು 24 ಅಶ್ವಶಕ್ತಿಯ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಯಂತ್ರಗಳು. ಒಂಟಿ ಸಿಲಿಂಡರ್ ಯಂತ್ರದ ಬೆಲೆ ಕಡಿಮೆ, ರಚನೆ ಸರಳ. ಆದರೆ ಅದುರುವಿಕೆ ಹೆಚ್ಚು. ನಾಲ್ಕು ಚಕ್ರದ ಚಾಲನೆಗೆ ಬೆಲೆ ಹೆಚ್ಚಾದರೂ, ಹಸಿಯಾದ ಎರೆಭೂಮಿಯಲ್ಲಿಯೂ ಮಲೆನಾಡಿನ ಇಳಿಜಾರಿನಲ್ಲಿಯೂ ಹಗುರ ಟ್ರ್ಯಾಕ್ಟರ್‌ನ ಚಕ್ರ ಜಾರುವುದನ್ನು ಅದು ತಗ್ಗಿಸುತ್ತದೆ. ಸಮತಟ್ಟಾದ ಕೆಂಪು ಮಣ್ಣಿನಲ್ಲಿ ಹಗುರ ಕೆಲಸ ಮಾತ್ರವಿದ್ದರೆ ಅದಕ್ಕಾಗಿ ಹಣ ಕೊಡಬೇಕಾದ ಅಗತ್ಯ ಬಾರದು.

ಮಾರಾಟಗಾರರ ಮಾತಿಗಿಂತ ಪರೀಕ್ಷಾ ವರದಿ ವಿಶ್ವಾಸಾರ್ಹ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಪಿಟಿಒ ಶಕ್ತಿ, ಇಂಧನ ಬಳಕೆ, ಎಳೆಯುವ ಬಲ, ತಿರುವಿನ ತ್ರಿಜ್ಯ, ಹೈಡ್ರಾಲಿಕ್ ಎತ್ತುವ ಸಾಮರ್ಥ್ಯ ಇವೆಲ್ಲ ಅದರಲ್ಲಿರುತ್ತವೆ. ಎತ್ತುವ ಸಾಮರ್ಥ್ಯವನ್ನು ಹೋಲಿಸುವಾಗ ಎಚ್ಚರ ಬೇಕು: ತೋಳಿನ ತುದಿಯಲ್ಲಿ ಅಳೆದ ಅಂಕಿಗಿಂತ, ಅಲ್ಲಿಂದ ಇನ್ನೂ 610 ಮಿ.ಮೀ. ಹಿಂದೆ ಅಳೆದ ಅಂಕಿ ಕಡಿಮೆಯಿರುತ್ತದೆ. ಒಂದನ್ನು ಒಂದು ವಿಧದಲ್ಲಿ, ಮತ್ತೊಂದನ್ನು ಇನ್ನೊಂದು ವಿಧದಲ್ಲಿ ಅಳೆದ ಅಂಕಿಗಳನ್ನು ತೂಗಿ ನೋಡುವುದು ವ್ಯರ್ಥ.

ಉಪಕರಣ ಹೊಂದಾಣಿಕೆ: ತಯಾರಕರಿಗೂ ಪಾಠ

ಸಣ್ಣ ಟ್ರ್ಯಾಕ್ಟರ್‌ಗಳ ತೋಳುಗಳ ನಡುವಿನ ಅಂತರ ಅನೇಕ ವೇಳೆ ದೊಡ್ಡ ಟ್ರ್ಯಾಕ್ಟರ್‌ಗಳಿಗಿಂತ ಕಿರಿದಾಗಿರುತ್ತದೆ. ಇದನ್ನು 1-ಎನ್ ವರ್ಗವೆಂದು ಕರೆಯುತ್ತಾರೆ. ಮಾಮೂಲು 1ನೇ ವರ್ಗದ ಉಪಕರಣ ಇದಕ್ಕೆ ನೇರವಾಗಿ ಕೂಡುವುದಿಲ್ಲ. ಊರಿನ ಕಾರ್ಯಾಗಾರದಲ್ಲಿ ಬೆಸೆದು ಹೊಂದಿಸಿದರೆ ಎಳೆತ ಓರೆಯಾಗಿ, ಪಿಟಿಒ ದಂಡದ ಕೀಲುಗಳು ಬೇಗ ಸವೆಯುತ್ತವೆ. ಆದ್ದರಿಂದ ಟ್ರ್ಯಾಕ್ಟರ್ ಮತ್ತು ಉಪಕರಣಗಳನ್ನು ಒಟ್ಟಿಗೇ ಆರಿಸಿ, ಮುಂಗಡ ಕೊಡುವ ಮೊದಲು ಜೋಡಿಸಿ ತೋರಿಸಲು ಕೇಳುವುದು ಉತ್ತಮ.

ಕೃಷಿ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕಗಳಿಗೂ ಇಲ್ಲಿ ಅವಕಾಶವಿದೆ. ದೊಡ್ಡ ಕುಂಟೆಯ ನಕಾಶೆಯನ್ನೇ ಕಿರಿದುಗೊಳಿಸಿದರೆ ಸಾಲದು. ಸಣ್ಣ ಟ್ರ್ಯಾಕ್ಟರ್ ಹಗುರವಾದುದರಿಂದ ಭಾರವಾದ ಉಪಕರಣ ಎತ್ತಿದಾಗ ಮುಂದಿನ ಚಕ್ರ ನೆಲ ಬಿಡುತ್ತದೆ. ತೂಕ ಮಿತವಾಗಿರುವ, ಎರಡು ಅಗಲಗಳಿಗೆ ಹೊಂದಿಸಿಕೊಳ್ಳಬಹುದಾದ ಉಪಕರಣ ಗಿರಾಕಿಗೆ ನಿಜವಾಗಿ ಬೇಕಾದುದು.

ತೆರಿಗೆ ಮತ್ತು ಕಾನೂನು

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟೈರ್ ಮತ್ತು ಗೊತ್ತುಪಡಿಸಿದ ಬಿಡಿಭಾಗಗಳ ದರ ಶೇ. 18ರಿಂದ ಶೇ. 5ಕ್ಕೆ ಬಂದಿತು. ತೆರಿಗೆ ಹೊರತಾಗಿ 4 ಲಕ್ಷ ರೂಪಾಯಿ ಬೆಲೆಯ ಯಂತ್ರಕ್ಕೆ ಇದರಿಂದ 28,000 ರೂ. ಉಳಿತಾಯವಾಗುತ್ತದೆ. ಹಳೆಯ ದರಪಟ್ಟಿ ತೋರಿಸಿ ‘ರಿಯಾಯಿತಿ’ ಎನ್ನುವವರ ಲೆಕ್ಕವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಕೃಷಿ ಕೆಲಸಕ್ಕೆ ಯಂತ್ರ ಬಾಡಿಗೆ ಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದ ಕಾರಣ ಅಂಥ ಉಪಯೋಗಕ್ಕೆ ಕೊಂಡ ಟ್ರ್ಯಾಕ್ಟರ್ ಮೇಲಿನ ತೆರಿಗೆಯನ್ನು ತಮ್ಮ ವ್ಯಾಪಾರದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಸೇರಿಸಲು ಬರುವುದಿಲ್ಲ. ಬಾಡಿಗೆಯಿಂದ ಬಂದ ಹಣವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವೂ ಅಲ್ಲ. ಕೃಷಿ ಉಪಯೋಗಕ್ಕೆ ನೋಂದಾಯಿಸಿದ ಟ್ರ್ಯಾಕ್ಟರ್‌ನಲ್ಲಿ ಇಟ್ಟಿಗೆ, ಜಲ್ಲಿ ಅಥವಾ ಅಂಗಡಿಯ ಸರಕು ಸಾಗಿಸಿ ಅಪಘಾತವಾದರೆ ವಿಮಾ ಪರಿಹಾರಕ್ಕೆ ತೊಡಕಾಗುತ್ತದೆ. ಟ್ರೈಲರ್‌ನ ನೋಂದಣಿ ಮತ್ತು ವಿಮೆಯನ್ನೂ ಮರೆಯಬಾರದು. ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನದ ಅರ್ಹತೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಖರೀದಿಗೆ ಮೊದಲೇ ವಿಚಾರಿಸಬೇಕು. ಸಹಾಯಧನ ಬಂದೇ ಬರುತ್ತದೆಂಬ ಭರವಸೆಯ ಮೇಲೆ ಬಂಡವಾಳದ ಲೆಕ್ಕ ಹಾಕುವುದು ಸರಿಯಲ್ಲ.

ಹಳೆಯ ಯಂತ್ರ ಕೊಳ್ಳುವವರಿಗೆ

ವರ್ಷಕ್ಕೆ ಗಂಟೆಗಳು ಕಡಿಮೆಯಿರುವ ಕಡೆ ಸ್ಥಿರ ವೆಚ್ಚವೇ ಭಾರವಾದ್ದರಿಂದ, ಸುಸ್ಥಿತಿಯ ಹಳೆಯ ಟ್ರ್ಯಾಕ್ಟರ್ ಜಾಣತನದ ಆಯ್ಕೆಯಾಗಬಲ್ಲದು. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡಬೇಕು. ಉಪಕರಣವನ್ನು ಎತ್ತಿ ಸ್ವಲ್ಪ ಹೊತ್ತು ಬಿಟ್ಟು, ಅದು ತಾನಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಗಂಟೆಮಾಪಕದ ಅಂಕಿಯನ್ನು ಕ್ಲಚ್ ಪೆಡಲ್ ಹಾಗೂ ಟೈರ್‌ಗಳ ಸವೆತದೊಡನೆ ತಾಳೆ ನೋಡಬೇಕು. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದು ರದ್ದಾಗಿದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ.

ಹೊಸದಾಗಲಿ ಹಳೆಯದಾಗಲಿ, ಬಿಡಿಭಾಗ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದನ್ನು ಅದೇ ಮಾದರಿಯ ಯಂತ್ರ ಇಟ್ಟಿರುವ ಇಬ್ಬರು ಮೂವರನ್ನು ಕೇಳಿ ತಿಳಿಯಬೇಕು. ಹದದ ದಿನಗಳಲ್ಲಿ ಒಂದು ವಾರ ನಿಂತ ಯಂತ್ರ, ಅದನ್ನು ಕೊಂಡ ಉದ್ದೇಶವನ್ನೇ ಕೆಡಿಸುತ್ತದೆ. ಸುರಕ್ಷತೆಯ ವಿಷಯದಲ್ಲಿಯೂ ರಾಜಿ ಸಲ್ಲದು. ಕಿರಿದಾದ ಟ್ರ್ಯಾಕ್ಟರ್ ಬದುವಿನ ಅಂಚಿನಲ್ಲಿ ಮತ್ತು ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತದೆ; ಪಿಟಿಒ ದಂಡಕ್ಕೆ ಹೊದಿಕೆ ಇಲ್ಲದಿದ್ದರೆ ಪಂಚೆ ಅಥವಾ ಸೆರಗು ಸಿಕ್ಕಿಕೊಂಡು ಪ್ರಾಣಾಪಾಯವಾಗುತ್ತದೆ.

ವರ್ತಕರು ಸರಕು ಕೊಳ್ಳುವಾಗ ಅದು ಎಷ್ಟು ಬೇಗ ಮಾರಾಟವಾದೀತೆಂದು ನೋಡುತ್ತಾರೆ. ಉದ್ಯಮಿಗಳು ಲೇತ್ ಯಂತ್ರ ಕೊಳ್ಳುವಾಗ ಅದಕ್ಕೆ ಎಷ್ಟು ಪಾಳಿಯ ಕೆಲಸವಿದೆಯೆಂದು ಲೆಕ್ಕ ಹಾಕುತ್ತಾರೆ. ಟ್ರ್ಯಾಕ್ಟರ್ ಕೂಡ ಅಂಥದೇ ಒಂದು ಬಂಡವಾಳ ಸಾಮಗ್ರಿ. ಪೇಟೆಯ ವ್ಯವಹಾರದಲ್ಲಿ ಅನುಸರಿಸುವ ಆ ಎಚ್ಚರಿಕೆಯನ್ನು ಹೊಲದ ಬದುವಿನ ತನಕ ಒಯ್ದರೆ, ಸಣ್ಣ ಹಿಡುವಳಿಗೆ ತಕ್ಕ ಯಂತ್ರ ಯಾವುದು, ಅಥವಾ ಯಂತ್ರವೇ ಬೇಡವೇ ಎಂಬುದು ಮುಂಗಡ ಕೊಡುವ ಮುನ್ನವೇ ತಿಳಿದುಬರುತ್ತದೆ.