ಪುಟ ಬದಲಾದರೂ ಬರಹ ಉಳಿಯುವ ಬಗೆ

ಗಣಕಯಂತ್ರದಲ್ಲಿ ಒಂದು ನಿಘಂಟು ತಂತ್ರಾಂಶವಿದೆಯೆಂದು ಭಾವಿಸೋಣ. ಒಂದು ಪುಟದಲ್ಲಿ ಪದಗಳ ಪಟ್ಟಿ. ಇನ್ನೊಂದರಲ್ಲಿ ಆಯ್ದ ಪದಕ್ಕೆ ಅರ್ಥ ಬರೆಯುವ ಜಾಗ. ಅರ್ಥವನ್ನು ಅರ್ಧ ಬರೆದು, ಪಟ್ಟಿಯನ್ನೊಮ್ಮೆ ನೋಡಿ ಮರಳುವಷ್ಟರಲ್ಲಿ ಬರೆದದ್ದೆಲ್ಲ ಅಳಿದಿದ್ದರೆ ಶ್ರಮ ವ್ಯರ್ಥ. ಬರಹವನ್ನು ಪುಟವೇ ಹೊತ್ತಿದ್ದುದರಿಂದ ಪುಟದೊಡನೆ ಅದೂ ಹೋಯಿತು.

ಇದಕ್ಕೆ ಪರಿಹಾರ ಎಂವಿವಿಎಂ ವಿನ್ಯಾಸದಲ್ಲಿದೆ. ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ 2005ರಲ್ಲಿ ವಿವರಿಸಿದ ಈ ಕ್ರಮಕ್ಕೆ ಮೂರು ಅಂಗಗಳು: ದತ್ತಾಂಶವನ್ನು ಕಾಯುವ ಮಾಡೆಲ್, ಕಣ್ಣಿಗೆ ಕಾಣುವ ವ್ಯೂ, ಇವೆರಡರ ನಡುವೆ ನಿಂತು ಪರದೆಯ ಸ್ಥಿತಿಯನ್ನು ಹಿಡಿದಿಡುವ ವ್ಯೂಮಾಡೆಲ್.

ಡಬ್ಲ್ಯುಪಿಎಫ್ ಚೌಕಟ್ಟಿನಲ್ಲಿ ಇದು ಹೀಗೆ ನಡೆಯುತ್ತದೆ. ಪ್ರತಿ ಪುಟಕ್ಕೂ ತನ್ನದೇ ವ್ಯೂಮಾಡೆಲ್ ಇರುತ್ತದೆ. ಇವೆಲ್ಲಕ್ಕೂ ಮೇಲಿನ ಮುಖ್ಯ ವ್ಯೂಮಾಡೆಲ್ 'ಈಗಿನ ಪುಟ' ಯಾವುದೆಂಬುದನ್ನು ಒಂದು ಪ್ರಾಪರ್ಟಿಯಲ್ಲಿ ಇಟ್ಟುಕೊಳ್ಳುತ್ತದೆ; ಕಿಟಕಿಯೊಳಗಿನ ಕಂಟೆಂಟ್ ಕಂಟ್ರೋಲ್ ಅದಕ್ಕೆ ಬೆಸೆದಿರುತ್ತದೆ. ಗುಂಡಿ ಒತ್ತಿದಾಗ ಕಮಾಂಡ್ ಆ ಪ್ರಾಪರ್ಟಿಯನ್ನು ಬದಲಿಸುತ್ತದೆ, ಬದಲಾವಣೆಯ ಸೂಚನೆ ಹೊರಡುತ್ತದೆ, ಡೇಟಾ ಟೆಂಪ್ಲೇಟ್ ತಕ್ಕ ವ್ಯೂವನ್ನು ಆರಿಸಿ ತೋರಿಸುತ್ತದೆ. ಪುಟದ ಬಣ್ಣ, ಆಕಾರಗಳು ವ್ಯೂಮಾಡೆಲ್‌ಗೆ ತಿಳಿದಿರಬೇಕಿಲ್ಲ.

ಹಿಂದಿರುಗುವ ದಾರಿಯೂ ಸರಳ. ಬಿಟ್ಟುಬಂದ ವ್ಯೂಮಾಡೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಮೇಲಿನದನ್ನು ಮೊದಲು ತೆಗೆದರಾಯಿತು. ಬರೆಯುವ ಜಾಗವನ್ನು ವ್ಯೂಮಾಡೆಲ್‌ಗೆ ಬೆಸೆದಿದ್ದರೆ ಅರ್ಧ ಬರೆದ ಅರ್ಥ ಹಾಗೆಯೇ ಮರಳಿ ಕಾಣುತ್ತದೆ. ಆದರೆ ಮರಳುವಾಗ ಹಳೆಯದನ್ನು ಬಿಟ್ಟು ಹೊಸ ವ್ಯೂಮಾಡೆಲ್ ರಚಿಸಿದರೆ ಮೊದಲಿನ ನಷ್ಟವೇ ಮರುಕಳಿಸುತ್ತದೆ.

ಇನ್ನೊಂದು ಲಾಭವೂ ಉಂಟು: ಯಾವ ಪುಟದಿಂದ ಯಾವ ಪುಟಕ್ಕೆ ಸಾಗಬೇಕೆಂಬುದನ್ನು ಕಿಟಕಿಯನ್ನೇ ತೆರೆಯದೆ ಪರೀಕ್ಷಿಸಬಹುದು. ನಿಘಂಟನ್ನೋ ಹಸ್ತಪ್ರತಿ ಸೂಚಿಯನ್ನೋ ಗಣಕಕ್ಕೆ ತರಹೊರಟ ಕನ್ನಡ ವಿದ್ಯಾರ್ಥಿಯು ಪುಟಗಳ ಅಂದಕ್ಕಿಂತ ಮೊದಲು ಬರಹದ ನೆಲೆಯನ್ನು ನಿಶ್ಚಯಿಸಿಕೊಳ್ಳಬೇಕು.