ರಕ್ತದ ಜೊತೆ ಬರುವ ಕಬ್ಬಿಣ: ಲೆಕ್ಕ ಇಟ್ಟಿದ್ದೇವಾ?

ಮಗುವಿನ ಮುಖ ಬಿಳಿಚಿಕೊಂಡರೆ ನಮ್ಮ ಮನೆಗಳಲ್ಲಿ ಉಮ್ಮ, ಅಜ್ಜಿ ಎಲ್ಲರದ್ದೂ ಒಂದೇ ಮಾತು: 'ರಕ್ತ ಕಮ್ಮಿ ಆಗಿದೆ, ಖರ್ಜೂರ ಕೊಡು, ಬಸಳೆ ತಿನ್ನಿಸು, ಕಬ್ಬಿಣದ ಟಾನಿಕ್ ಕುಡಿಸು.' ಆದರೆ ಥಲಸ್ಸೇಮಿಯಾ ಮೇಜರ್ ಇದ್ದು ರಕ್ತ ಹಾಕಿಸಿಕೊಳ್ಳುವ ಮಗುವಿಗೆ ಆ ಟಾನಿಕ್ ಉಪಕಾರವಲ್ಲ, ಉಪದ್ರ. ಅಲ್ಲಿ ರಕ್ತ ಕಮ್ಮಿ, ಕಬ್ಬಿಣ ಜಾಸ್ತಿ.

ತಂದೆ ತಾಯಿ ಇಬ್ಬರಿಂದಲೂ ಬರುವ ಈ ಕಾಯಿಲೆಯಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಒಂದು ಯೂನಿಟ್ ರಕ್ತದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಇರುತ್ತದೆ. ದೇಹ ದಿನಕ್ಕೆ ಹೊರಹಾಕುವುದು 1-2 ಮಿಲಿಗ್ರಾಂ ಮಾತ್ರ. ಉಳಿದದ್ದು ಲಿವರ್, ಹೃದಯ, ಹಾರ್ಮೋನ್ ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಇಳಿಸಲಿಕ್ಕೇ ಡೆಫೆರಾಸಿರಾಕ್ಸ್‌ನಂಥ ಮಾತ್ರೆ ಕೊಡುವುದು.

ಎಷ್ಟು ಸೇರಿದೆ ಅಂತ ತಿಳಿಯಲು ಮೂರು ತಿಂಗಳಿಗೊಮ್ಮೆ ಮಾಡಿಸುವ ಫೆರಿಟಿನ್ ರಕ್ತಪರೀಕ್ಷೆ ನಮಗೆ ಗೊತ್ತು. ಸಾಮಾನ್ಯವಾಗಿ 1000 ದಾಟಿದರೆ ಮಾತ್ರೆ ಶುರು. ಆದರೆ ಜ್ವರ, ಸೋಂಕು ಇದ್ದರೂ ಫೆರಿಟಿನ್ ಏರುತ್ತದೆ. ಇನ್ನೊಂದು ಅಪಾಯ ಇದೆ: ಮಾತ್ರೆ ತಗೊಂಡಾಗ ಲಿವರ್‌ನ ಕಬ್ಬಿಣ ಬೇಗ ಇಳಿಯುತ್ತದೆ, ಹೃದಯದ್ದು ನಿಧಾನ. 'ಫೆರಿಟಿನ್ ಇಳಿದಿದೆಯಲ್ಲಾ' ಅಂತ ನಾವು ನೆಮ್ಮದಿಯಿಂದ ಇರುವಾಗ ಹೃದಯದಲ್ಲಿ ಕಬ್ಬಿಣ ಕೂತೇ ಇರಬಹುದು. ಥಲಸ್ಸೇಮಿಯಾದವರ ಜೀವಕ್ಕೆ ಹೆಚ್ಚಾಗಿ ಕುತ್ತು ತಂದದ್ದು ಅದೇ.

ಹೃದಯದ ಕಬ್ಬಿಣ ಅಳೆಯಲು ಟಿ-ಟು ಸ್ಟಾರ್ ಎಂಬ ಎಂಆರ್‌ಐ ಸ್ಕ್ಯಾನ್ ಇದೆ. ಲಂಡನ್ನಿನ ವೈದ್ಯರು 2001ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ನಂತರದ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಥಲಸ್ಸೇಮಿಯಾದವರ ಹೃದಯದ ಸಾವು ಬಹಳ ಇಳಿಯಿತು. ಇದರಲ್ಲಿ ಲೆಕ್ಕ ಉಲ್ಟಾ: ಅಂಕೆ ಕಮ್ಮಿಯಾದಷ್ಟೂ ಕಬ್ಬಿಣ ಜಾಸ್ತಿ. 20 ಮಿಲಿಸೆಕೆಂಡಿಗಿಂತ ಮೇಲಿದ್ದರೆ ಸಮಾಧಾನ. 10ಕ್ಕಿಂತ ಕೆಳಗಿದ್ದರೆ ತಡಮಾಡದೆ ಚಿಕಿತ್ಸೆ ಬಿಗಿ ಮಾಡಬೇಕು. ಇದೇ ಸ್ಕ್ಯಾನ್‌ನಲ್ಲಿ ಲಿವರ್ ಕೂಡ ನೋಡಬಹುದು, ಸೂಜಿ ಹಾಕಿ ಲಿವರ್‌ನ ತುಣುಕು ತೆಗೆಯುವ ಕಷ್ಟ ಇಲ್ಲ.

ಸಾಮಾನ್ಯವಾಗಿ ಹತ್ತು ವರ್ಷದ ಹೊತ್ತಿಗೆ ಇದನ್ನು ಶುರು ಮಾಡಿ, ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತಾರೆ. ಎಂಆರ್‌ಐ ಇರುವ ಕಡೆಯೆಲ್ಲ ಈ ಅಳತೆ ಮಾಡುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಮುಂದಿನ ಸಲ ರಕ್ತ ಹಾಕಿಸಲು ಹೊರಡುವಾಗ ಮಗುವಿನ ಫೈಲ್ ತೆರೆದು ನೋಡಿ. ಫೆರಿಟಿನ್ ಚೀಟಿ ಮಾತ್ರ ಇದ್ದರೆ, 'ಹೃದಯದ ಕಬ್ಬಿಣ ಎಷ್ಟಿದೆ ಡಾಕ್ಟ್ರೇ?' ಅಂತ ಕೇಳಿ. ಅವರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ.