ತಿದ್ದುವವರ ಜೊತೆ ಕೂತಾಗ

ದಲಿತ ವಿಮರ್ಶೆ ಅಂದಕೂಡಲೆ ನಾವು ಅಚ್ಚಾದ ಪುಸ್ತಕವನ್ನು ಮುಂದಿಟ್ಟುಕೊಂಡು ಮಾತಿಗೆ ಕೂರುತ್ತೇವೆ. ಆದರೆ ಅಚ್ಚಾಗುವ ಮುಂಚೆಯೇ ಒಂದು ವಿಮರ್ಶೆ ನಡೆದುಹೋಗಿರುತ್ತದೆ. ಹಸ್ತಪ್ರತಿಯ ಅಂಚಿನಲ್ಲಿ, ಬರೆದವನಿಗೂ ತಿದ್ದಿದವನಿಗೂ ಮಾತ್ರ ಗೊತ್ತಾಗುವ ಹಾಗೆ. ಅಲ್ಲಿ ಹೋದದ್ದೇನು, ಬಂದದ್ದೇನು ಅನ್ನುವುದರ ಸುಳಿವು ಓದುಗನಿಗೆ ಸಿಗುವುದಿಲ್ಲ. ನನ್ನ ಆತ್ಮಕಥನದ ಹಸ್ತಪ್ರತಿ ಇಬ್ಬರು ಸಂಪಾದಕರ ಕೈ ಹಾದು ಬಂದಿದೆ. ಮೊದಲನೆಯವರ ಜೊತೆ ಜಗಳ ಆಡಿ ಪ್ರತಿ ವಾಪಸ್ಸು ತಂದೆ. ಎರಡನೆಯವರ ಜೊತೆ ಜಗಳ ಆಡಲಾಗದೆ ಊರಿಗೆ ಹೋದೆ. ಈಗ ಬರೆಯಲು ಕೂತಿರುವ ಗೆಳೆಯರಿಗೆ ಉಪಯೋಗಕ್ಕೆ ಬಂದೀತು ಅಂತ ಇದನ್ನು ಹೇಳುತ್ತಿದ್ದೇನೆ.

‘ಸಂಪಾದಕ’ ಅನ್ನುವ ಮಾತೇ ನಮ್ಮಲ್ಲಿ ಸ್ವಲ್ಪ ಗೋಜಲಿನದು. ಪತ್ರಿಕೆ ನಡೆಸುವವನೂ ಸಂಪಾದಕ, ಹತ್ತು ಜನರ ಲೇಖನ ಒಟ್ಟುಮಾಡಿ ಮುಖಪುಟಕ್ಕೆ ಹೆಸರು ಹಾಕಿಕೊಳ್ಳುವವನೂ ಸಂಪಾದಕ, ತಾಳೆಗರಿ ಬಿಡಿಸಿ ಪಂಪನನ್ನೋ ರನ್ನನನ್ನೋ ಅಚ್ಚಿಗೆ ಅಣಿಮಾಡುವವನೂ ಸಂಪಾದಕ. ಬದುಕಿರುವ ಲೇಖಕನ ಎದುರು ಕೂತು ಪುಟಪುಟಕ್ಕೂ ಪ್ರಶ್ನೆ ಕೇಳುವವನಿಗೆ ಬೇರೆ ಹೆಸರು ಇಲ್ಲ. ಅಂಥವರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ಪ್ರಕಾಶಕರೂ ಕಡಿಮೆ. ಬಹಳ ಕಡೆ ಕರಡು ತಿದ್ದುವವರೇ ಆ ಕೆಲಸವನ್ನೂ ಮಾಡುತ್ತಾರೆ. ಕಾಗುಣಿತ ನೋಡಲು ಕೂತವರು ವಾಕ್ಯಕ್ಕೆ ಕೈಹಾಕುತ್ತಾರೆ, ಆಮೇಲೆ ಪ್ಯಾರಾಕ್ಕೆ.

ಎಂ.ಎ.ಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಪಾಠಾಂತರ ಅಂದರೇನು ಗೊತ್ತು. ಸಾವಿರ ವರ್ಷದ ಹಿಂದಿನ ಕವಿಯ ಒಂದು ಅಕ್ಷರ ಬದಲಿಸಬೇಕಾದರೂ ಸಂಪಾದಕ ಅಡಿಟಿಪ್ಪಣಿ ಹಾಕಬೇಕು: ಇಂಥ ಪ್ರತಿಯಲ್ಲಿ ಹೀಗಿತ್ತು, ನಾನು ಹೀಗೆ ಮಾಡಿದ್ದೇನೆ, ಕಾರಣ ಇದು. ಸತ್ತ ಕವಿಗೆ ಇಷ್ಟು ಮರ್ಯಾದೆ ಇದೆ. ಕೇರಿಯಿಂದ ಬಂದು ಎದುರಿಗೇ ಕೂತಿರುವವನ ಪದ ಬದಲಿಸಲು ಮಾತ್ರ ಕಾರಣ ಬೇಕಿಲ್ಲ!

ನನ್ನ ಮೊದಲ ಸಂಪಾದಕರು ಕೆಟ್ಟವರಲ್ಲ. ಹೆಸರು ಹೇಳುವುದಿಲ್ಲ. ದಲಿತ ಸಾಹಿತ್ಯದ ಬಗ್ಗೆ ನಿಜವಾದ ಗೌರವ ಇಟ್ಟುಕೊಂಡವರು, ಮನೆಗೆ ಕರೆದು ಊಟ ಹಾಕಿದವರು. ಅವರಿಂದ ಬಂದ ಪ್ರತಿಯ ಮೇಲೆ ಕೆಂಪು ಶಾಯಿ ಹರಿದಿತ್ತು. ‘ಹಿಟ್ಟು ಉಂಡೆವು’ ಅಂತ ನಾನು ಬರೆದದ್ದು ‘ಊಟ ಮಾಡಿದೆವು’ ಆಗಿತ್ತು. ನಮ್ಮ ಕಡೆ ಹಿಟ್ಟು ಅಂದರೆ ರಾಗಿಮುದ್ದೆ. ಅನ್ನ ಉಂಡ ದಿನ ಬೇರೆ, ಹಿಟ್ಟು ಉಂಡ ದಿನ ಬೇರೆ, ಎರಡೂ ಇಲ್ಲದ ದಿನ ಬೇರೆ. ‘ಊಟ’ ಅಂದಾಗ ಮೂರೂ ಒಂದೇ ಆಗಿಬಿಡುತ್ತವೆ. ‘ಬಾಡು’ ಹೋಗಿ ‘ಮಾಂಸಾಹಾರ’ ಬಂದಿತ್ತು. ‘ಹೊಲಗೇರಿ’ಯನ್ನು ‘ಹರಿಜನ ಕೇರಿ’ ಮಾಡಿದ್ದರು. ಕೇಳಿದರೆ, “ಓದುಗರಿಗೆ ಮುಜುಗರ ಆಗಬಾರದಲ್ಲ” ಅಂದರು. “1984ರಲ್ಲೇ ಕುಸುಮಬಾಲೆ ಬಂದಿದೆಯಲ್ಲ ಸಾರ್, ನಂಜನಗೂಡಿನ ಮಾತಿನಲ್ಲೇ ಇದೆಯಲ್ಲ” ಅಂದೆ. “ಅದು ಮಹಾದೇವರಿಗೆ ನಡೆಯುತ್ತೆ, ನಿಮಗೆ ನಡೆಯಲ್ಲ” ಅಂದರು. ಒಬ್ಬ ದೊಡ್ಡ ಲೇಖಕ ಕಷ್ಟಪಟ್ಟು ತೆರೆದ ಬಾಗಿಲಲ್ಲಿ ಹಿಂದೆ ಬರುವವರನ್ನು ಹೀಗೆ ತಡೆದು ನಿಲ್ಲಿಸಲೂ ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

ಪದಗಳ ವಿಷಯ ಸುಲಭ, ಕಣ್ಣಿಗೆ ಕಾಣುತ್ತದೆ. ಕ್ರಿಯಾಪದದ ಬಾಲ ಕಾಣುವುದಿಲ್ಲ. ನಾನು ಉದ್ದಕ್ಕೂ ‘ಪಟೇಲ ಬಂದ’, ‘ಅಪ್ಪ ಬಂದ’ ಅಂತ ಬರೆದಿದ್ದೆ. ತಿದ್ದಿದ ಪ್ರತಿಯಲ್ಲಿ ‘ಪಟೇಲರು ಬಂದರು’ ಅಂತಿತ್ತು. ಅಪ್ಪ ‘ಬಂದ’ ಆಗಿಯೇ ಉಳಿದಿದ್ದ. ಇನ್ನೂರು ಪುಟದಲ್ಲಿ ಒಂದು ಕಡೆಯೂ ಅಪ್ಪನಿಗೆ ‘ರು’ ಬಂದಿರಲಿಲ್ಲ, ಒಂದು ಕಡೆಯೂ ಪಟೇಲನಿಗೆ ತಪ್ಪಿರಲಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲ. ತೋರಿಸಿದಾಗ ಮುಖ ಸಣ್ಣದಾಯಿತು. ಕನ್ನಡದ ವ್ಯಾಕರಣದೊಳಗೇ ಊರೂ ಕೇರಿಯೂ ಇವೆ, ಬರೆಯುವವನ ಕೈಗೆ ಗೊತ್ತಾಗದಂತೆ ಅದು ಕೆಲಸ ಮಾಡುತ್ತದೆ.

ಆದರೆ ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳಬೇಕು. ಆ ಕೆಂಪು ‘ರು’ಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋದಾಗ ನನ್ನದೂ ಸುಳ್ಳು ಅನ್ನಿಸತೊಡಗಿತು. ಹತ್ತು ವರ್ಷದ ಹುಡುಗ ಪಟೇಲನ ಜಗಲಿ ಮುಂದೆ ನಿಂತು ‘ಬಂದ’ ಅಂದಿದ್ದೆನೆ? ಅಲ್ಲಿ ಎಲ್ಲರೂ ‘ಬುದ್ದೀ’ ಅಂತ ಕೈಮುಗಿದವರೇ. ಹಟ್ಟಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅದೇ ಅಪ್ಪ “ಬಂದಿದ್ನಲ್ಲ ಬಡ್ಡೆತ್ತದು” ಅನ್ನುತ್ತಿದ್ದ. ಚಳವಳಿಗೆ ಬಂದಮೇಲೆ ನನಗೆ ಸಿಕ್ಕ ಧೈರ್ಯವನ್ನು ನಾನು ಆ ಹುಡುಗನ ಬಾಯಿಗೆ ತುರುಕಿದ್ದೆ. ಹೀಗಾಗಿ ಜಗಲಿಯ ಮುಂದೆ ‘ಬಂದರು’, ಹಟ್ಟಿಯೊಳಗೆ ‘ಬಂದ’ ಅಂತ ಪೂರ್ತಿ ತಿರುಗಿ ಬರೆದೆ. ತಪ್ಪು ತಿದ್ದುಪಡಿಯೂ ಕೆಲವು ಸಲ ಸರಿಯಾದ ಜಾಗವನ್ನೇ ಮುಟ್ಟಿರುತ್ತದೆ.

ಜಗಳ ಆದದ್ದು ಇದಕ್ಕಲ್ಲ, ಕೊನೆಯ ಭಾಗಕ್ಕೆ. ಊರಿನ ಅಧ್ಯಾಯಗಳು ‘ದಟ್ಟವಾಗಿವೆ’, ಬೆಂಗಳೂರಿನ ಅಧ್ಯಾಯಗಳು ‘ಭಾಷಣದಂತಿವೆ’, ತೆಗೆಯಿರಿ ಅಂದರು. ಬೆಂಗಳೂರಿನ ಭಾಗದಲ್ಲಿ ಇದ್ದದ್ದು ಬಾಡಿಗೆ ಮನೆ ಹುಡುಕಿದ ಕತೆ. ಹಳ್ಳಿಯ ಕ್ರೌರ್ಯ ಓದಲು ಅವರಿಗೆ ಅಡ್ಡಿಯಿರಲಿಲ್ಲ, ತಮ್ಮ ಬೀದಿಯದು ಕಷ್ಟವಾಯಿತು. ಅಮೆರಿಕದ ಕರಿಯ ಲೇಖಕ ರಿಚರ್ಡ್ ರೈಟ್‌ಗೂ ಹೀಗೇ ಆಯಿತು. ಅವನ ಆತ್ಮಕಥೆಯಲ್ಲಿ ದಕ್ಷಿಣದ ಬಾಲ್ಯದ ಜೊತೆಗೆ ಉತ್ತರದ ಶಿಕಾಗೋ ನಗರದ ಭಾಗವೂ ಇತ್ತು. ಬುಕ್ ಆಫ್ ದಿ ಮಂತ್ ಕ್ಲಬ್ ಮೊದಲ ಭಾಗ ಸಾಕು ಅಂದಿತು, 1945ರಲ್ಲಿ ‘ಬ್ಲ್ಯಾಕ್ ಬಾಯ್’ ಅಷ್ಟೇ ಬಂತು. ಎರಡನೆಯ ಭಾಗ ಪುಸ್ತಕವಾದದ್ದು 1977ರಲ್ಲಿ, ಅವನು ಸತ್ತ ಎಷ್ಟೋ ವರ್ಷಕ್ಕೆ. ಎರಡೂ ಒಂದೇ ರಟ್ಟಿನೊಳಗೆ ಸೇರಿದ್ದು 1991ರಲ್ಲಿ. ನಡುವೆ ಎರಡು ತಲೆಮಾರಿನ ಓದುಗರು ವರ್ಣಭೇದ ದಕ್ಷಿಣದಲ್ಲೇ ಮುಗಿಯಿತು ಅಂದುಕೊಂಡು ಪುಸ್ತಕ ಮುಚ್ಚಿಟ್ಟಿರಬೇಕು.

ಹಾಗಾದರೆ ತಿದ್ದಲೇಬಾರದೆ? ನಮ್ಮ ಹುಡುಗರು ಹಾಗೆ ವಾದಿಸುವಾಗ ಬಾಬಾಸಾಹೇಬರನ್ನು ಎಳೆದು ತರುತ್ತಾರೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣ ಓದಿ ನೋಡಿ ಹೆದರಿ, ಕೆಲವು ಭಾಗ ಬಿಡಿ ಅಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂತ ಅವರು ಬರೆದರು. ಸಮ್ಮೇಳನವೇ ರದ್ದಾಯಿತು, ತಮ್ಮ ಖರ್ಚಿನಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಸರಿ. ಆದರೆ ಮಂಡಲ ಕೇಳಿದ್ದು ಅಲ್ಪವಿರಾಮವನ್ನಲ್ಲ, ವಿಚಾರವನ್ನೇ ಬಿಡಿ ಅಂತ ಕೇಳಿತ್ತು. ನನ್ನ ಹಸ್ತಪ್ರತಿಯಲ್ಲಿ ಒಂದೇ ಅವ್ವ ಒಂದು ಪುಟದಲ್ಲಿ ‘ಬತ್ತೀನಿ’, ಇನ್ನೊಂದರಲ್ಲಿ ‘ಬತ್ತಿನಿ’, ಮತ್ತೊಂದರಲ್ಲಿ ‘ಬರ್ತೀನಿ’ ಅನ್ನುತ್ತಿದ್ದಳು. ಅದು ಆಡುಮಾತಲ್ಲ, ನನ್ನ ಸೋಮಾರಿತನ. ಅದನ್ನು ಹಿಡಿದು ತೋರಿಸುವವರು ಬೇಕು. ಹಿಂದಿಯ ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕಥೆಗೆ ‘ಜೂಠನ್’ ಎಂಬ ಹೆಸರು ಸೂಚಿಸಿದವರು ಸಂಪಾದಕ ರಾಜೇಂದ್ರ ಯಾದವ್. 1997ರಲ್ಲಿ ಬಂದ ಆ ಪುಸ್ತಕಕ್ಕೆ ಬೇರೆ ಹೆಸರನ್ನು ಈಗ ಯೋಚಿಸಲೂ ಆಗುವುದಿಲ್ಲ.

ಕೆಲಸದ ಮಾತು ಎರಡು ಹೇಳಿಬಿಡುತ್ತೇನೆ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ನಕಲು ಕೊಡಿ. ಮುಟ್ಟಬಾರದ ಪದಗಳ ಪಟ್ಟಿಯೊಂದನ್ನು ನೀವೇ ಮಾಡಿಕೊಡಿ, ಆಡುಮಾತಿನ ಕಾಗುಣಿತವನ್ನೂ ಅದರಲ್ಲೇ ತೀರ್ಮಾನಿಸಿ. ತಿದ್ದಿದ್ದನ್ನು ಗುರುತು ಸಮೇತ ನೋಡದೆ ಅಚ್ಚಿಗೆ ಒಪ್ಪಬೇಡಿ. 1957ರ ಹಕ್ಕುಸ್ವಾಮ್ಯ ಕಾಯಿದೆಯ 57ನೆಯ ಕಲಮು, ಹಕ್ಕು ಮಾರಿಕೊಂಡ ಮೇಲೂ, ನಿಮ್ಮ ಗೌರವಕ್ಕೆ ಕುಂದು ಬರುವಂತೆ ಕೃತಿ ತಿರುಚಿದರೆ ತಕರಾರು ಹೇಳುವ ಅಧಿಕಾರ ಕೊಡುತ್ತದೆ. ಕೋರ್ಟಿಗೆ ಹೋಗುವ ಶಕ್ತಿ ನಮಗೆಲ್ಲಿ, ಆದರೂ ಗೊತ್ತಿದ್ದರೆ ಮಾತಿನಲ್ಲಿ ಒಂದು ಗಟ್ಟಿತನ ಬರುತ್ತದೆ.

ಎರಡನೆಯ ಸಂಪಾದಕಿ ಒಂದು ಪದವನ್ನೂ ತಿದ್ದಲಿಲ್ಲ. ಪೆನ್ಸಿಲ್ಲಿನಲ್ಲಿ ಬರೀ ಪ್ರಶ್ನೆ. ‘ಈ ಮಾತು ಯಾರದು?’ ‘ಆಗ ಮಳೆಗಾಲವೆ?’ ಇಂಥವು. ಎಪ್ಪತ್ತೆರಡನೆಯ ಪುಟದ ಅಂಚಿನಲ್ಲಿ ಹೀಗೆ ಬರೆದಿದ್ದರು: ‘ಪುಟ 41ರವರೆಗೆ ಅಕ್ಕ ಇದ್ದಾರೆ. ಆಮೇಲೆ ಇಲ್ಲ. ಎಲ್ಲಿ ಹೋದರು?’

ತಕ್ಷಣ ಸಿಟ್ಟು ಬಂತು. ಆಮೇಲೆ ನಲವತ್ತೊಂದನೆಯ ಪುಟ ತೆಗೆದು ನೋಡಿದೆ. ‘ಆ ವರ್ಷ ನಾನು ಪೇಟೆಯ ಹೈಸ್ಕೂಲು ಸೇರಿದೆ’ ಅನ್ನುವ ಒಂದೇ ಸಾಲು. ಫೀಜು, ಬಟ್ಟೆ, ಪುಸ್ತಕದ ದುಡ್ಡು ಎಲ್ಲಿಂದ ಬಂತು ಅಂತ ಬರೆದಿರಲಿಲ್ಲ. ಅಪ್ಪ ಪಟೇಲನ ಹತ್ತಿರ ಸಾಲ ತಂದಿದ್ದ, ಅದಕ್ಕೆ ಅಕ್ಕ ದುಡಿಯುತ್ತಿದ್ದಳು. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂದು ನಮ್ಮ ಕೇರಿಯ ಗಂಡಾಳುಗಳ ಹೆಸರು ಬರೆದುಕೊಂಡು ಹೋದಾಗಲೂ ಅಕ್ಕನ ಹೆಸರು ಬರೆಯಲಿಲ್ಲ. ಅವಳನ್ನು ಯಾರೂ ಜೀತದ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಜಾತಿಯ ಬಗ್ಗೆ ಇನ್ನೂರು ಪುಟ ಬರೆದ ನಾನೂ ಹಿಡಿದಿರಲಿಲ್ಲ. ಕೆಂಪು ಶಾಯಿಯವರಿಗೆ ಬೈದ ಬಾಯಿ ಇಲ್ಲಿ ಕಟ್ಟಿತು. ನನ್ನ ಹಸ್ತಪ್ರತಿಯಿಂದ ಎಲ್ಲರಿಗಿಂತ ಹೆಚ್ಚು ಕತ್ತರಿಸಿ ಹಾಕಿದವನು ನಾನೇ.

ಒಂದು ಅಧ್ಯಾಯ ಹೊಸದಾಗಿ ಬರೆದು ಊರಿಗೆ ತಗೊಂಡು ಹೋದೆ. ಅಕ್ಕನಿಗೆ ಓದು ಬರುವುದಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ನಾನು ಓದಿದೆ. ‘ಅಕ್ಕ ಪಟೇಲನ ಮನೆಯಲ್ಲಿ ಕೆಲಸಕ್ಕಿದ್ದಳು’ ಅನ್ನುವ ಕಡೆ ಕೈ ನಿಲ್ಲಿಸಿದಳು.

“ಮನೇಲಿ ಅಂತ ಬರ್ದಿದ್ದೀಯಲ್ಲ, ಮನೆ ಒಳಕ ಯಾವತ್ಲಾ ಬುಟ್ಟಿದ್ರು ನನ್ನ? ಕೊಟ್ಟಿಗೇಲಿ ಅಂತ ಬರಿ.”

ಕೆಂಪು ಶಾಯಿಯವರಿಗೆ ಕಾಣಲು ಆ ಸಾಲು ಆಗ ಹುಟ್ಟಿಯೇ ಇರಲಿಲ್ಲ. ಪೆನ್ಸಿಲ್ಲಿನವರು ಆಮೇಲೆ ನೋಡಿದ್ದರೂ ಹಿಡಿಯುತ್ತಿದ್ದರೋ ಇಲ್ಲವೋ. ಬರೆದ ನನಗಂತೂ ಹೊಳೆದಿರಲಿಲ್ಲ. ‘ಮನೆ’ ಹೊಡೆದು ‘ಕೊಟ್ಟಿಗೆ’ ಬರೆದೆ. ತನ್ನ ಹೆಸರು ಹಾಕಬೇಡ ಅಂದಳು, ಮಕ್ಕಳ ಸಂಬಂಧಗಳು ಆಗಬೇಕಿದ್ದವು. ಏನಂತ ಹಾಕಲಿ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಚಿಕ್ಕಂದಿನಲ್ಲೇ ತೀರಿಹೋದ ನಮ್ಮ ಇನ್ನೊಬ್ಬ ಅಕ್ಕನ ಹೆಸರು ಹೇಳಿದಳು. ಪುಸ್ತಕದಲ್ಲಿ ಇರುವುದು ಆ ಹೆಸರೇ.

“ಮುಂದ್ಕ ಓದು” ಅಂದು ಮತ್ತೆ ಕಾಯಿ ಸುಲಿಯತೊಡಗಿದಳು.